ಎಷ್ಟು ಕೊಬ್ಬು ನಿಂಗೆ?

ಬಿಸ್ಕತ್ತಿನ ಕಾರ್ಖಾನೆಯಲ್ಲಿ ನನ್ನ ಅತ್ತೆಯನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಅಪ್ಪನ ಅಕ್ಕ ಅವಳು. ಮನೆಯಲ್ಲಿ ನಮಗೆಲ್ಲ ಅತ್ತೆ, ಗೇಟು ದಾಟಿದ ಕೂಡಲೇ ಕೊಬ್ಬಿನಕ್ಕ. ಅವಳು ಕೆಲಸಕ್ಕೆ ಸೇರಿದಾಗ ಅವಳ ನಿಜವಾದ ಹೆಸರಿನವರೇ ಇನ್ನಿಬ್ಬರು ಹೆಂಗಸರು ಅಲ್ಲಿದ್ದರಂತೆ. ಒಬ್ಬಳು ಒಲೆಯ ಬಳಿ, ಒಬ್ಬಳು ಪ್ಯಾಕಿಂಗಿನಲ್ಲಿ, ಅತ್ತೆ ಕೊಬ್ಬಿನ ಕೋಣೆಯಲ್ಲಿ. ಹೀಗೆ ಒಲೆಯಕ್ಕ, ಡಬ್ಬಿಯಕ್ಕ, ಕೊಬ್ಬಿನಕ್ಕ. ಮೊದಲಿಬ್ಬರು ಬಿಟ್ಟುಹೋದರು, ಅವರ ಅಡ್ಡಹೆಸರುಗಳೂ ಅವರ ಹಿಂದೆಯೇ ಹೋದವು. ಅತ್ತೆಯದು ಮಾತ್ರ ಉಳಿಯಿತು, ಏಕೆಂದರೆ ಅದರೊಳಗೆ ಒಂದು ನಗು ಅಡಗಿತ್ತು. ನಮ್ಮ ಮಾತಿನಲ್ಲಿ ಕೊಬ್ಬು ಮೈಯಲ್ಲೂ ಇರುತ್ತದೆ, ನಾಲಿಗೆಯಲ್ಲೂ ಇರುತ್ತದೆ. ಎದುರು ಮಾತಾಡಿದ ಗಂಡಸಿಗೆ ಧೈರ್ಯ; ಎದುರು ಮಾತಾಡಿದ ಹೆಂಗಸಿಗೆ ಕೊಬ್ಬು.

ಅತ್ತೆಯಾದರೋ ಎದುರು ಮಾತಾಡಿದವಳೇ ಅಲ್ಲ. ಹದಿನಾಲ್ಕು ವರ್ಷ ಆ ಕೋಣೆಯಲ್ಲಿ ಅವಳ ಜೊತೆ ಇದ್ದದ್ದು ಒಂದು ತಕ್ಕಡಿ, ಒಂದು ಉಕ್ಕಿನ ಮೇಜು, ಎರಡು ಮರದ ಹಿಡಿಗಳ ನಡುವೆ ಬಿಗಿದ ಒಂದು ತಂತಿ. ಅವುಗಳೊಡನೆ ಮಾತೇನು?

ಕೊಬ್ಬಿನ ಕೋಣೆ ತಣ್ಣಗಿರುತ್ತಿತ್ತು. ರಟ್ಟಿನ ಪೆಟ್ಟಿಗೆಗಳು ಸೂರಿನವರೆಗೆ ಪೇರಿಸಿರುತ್ತಿದ್ದವು. ಒಂದೊಂದರೊಳಗೂ ನೀಲಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಬೆಳ್ಳನೆಯ ಗಡ್ಡೆ, ಅಮೃತಶಿಲೆಯ ಹಾಗೆ ನುಣುಪು. ಅದು ಎಣ್ಣೆಯೇ. ಬೀಜದಿಂದ ಹಿಂಡಿದ ಸಾಧಾರಣ ಎಣ್ಣೆಯನ್ನು ಎಲ್ಲೋ ಇನ್ನೊಂದು ಕಾರ್ಖಾನೆಯಲ್ಲಿ ಗಟ್ಟಿ ಮಾಡಿ ಕಳಿಸುತ್ತಿದ್ದರು. ಅತ್ತೆ ಪೆಟ್ಟಿಗೆ ಬಿಚ್ಚಿ, ಗಡ್ಡೆಯನ್ನು ಮೇಜಿನ ಮೇಲೆ ಮಗುಚಿ, ತಂತಿಯ ಎರಡು ಹಿಡಿಗಳನ್ನು ಹಿಡಿದು ಮೈಭಾರ ಹಾಕಿ ಎಳೆದರೆ ಗಡ್ಡೆ ಸದ್ದಿಲ್ಲದೆ ಎರಡಾಗುತ್ತಿತ್ತು. ಒಂದು ಬ್ಯಾಚು ಹಿಟ್ಟಿಗೆ ನಲವತ್ತು ಕಿಲೋ. ತೂಗಿ, ತಳ್ಳುಗಾಡಿಗೆ ಹಾಕಿ, ಗೋಡೆಯಲ್ಲಿದ್ದ ಕಿಂಡಿಯಿಂದ ಆಚೆ ದಾಟಿಸುವುದು. ಕಿಂಡಿಯ ಆಚೆ ಹಿಟ್ಟು ಕಲಸುವ ಯಂತ್ರ. ದಿನಕ್ಕೆ ಹನ್ನೊಂದು ಬ್ಯಾಚು.

ಅವಳ ಕೈ ಹೂವಿನ ಹಾಗಿತ್ತು. ನೆಂಟರ ಹೆಂಗಸರು ಅವಳ ಅಂಗೈ ಹಿಡಿದು, "ಏನೇ ಇದು, ದುಡಿಯೋ ಕೈಯಾ ಇದು? ರಾಣಿ ಕೈ!" ಎಂದು ಹೊಟ್ಟೆ ಉರಿದುಕೊಳ್ಳುತ್ತಿದ್ದರು. ಆ ನುಣುಪು ಯಾವ ಸೋಪಿಗೂ ಜಗ್ಗುತ್ತಿರಲಿಲ್ಲ ಎಂಬುದು ಅವರಿಗೆ ಗೊತ್ತಿರಲಿಲ್ಲ. ಅತ್ತೆ ಮನೆಗೆ ಬಂದವಳೇ ಮೊದಲು ಒಂದು ಹಿಡಿ ಒಣ ಹಿಟ್ಟು ತೆಗೆದುಕೊಂಡು ಕೈ ಉಜ್ಜುತ್ತಿದ್ದಳು. ಹಿಟ್ಟು ಉಂಡೆ ಉಂಡೆಯಾಗಿ ಉದುರಿದ ಮೇಲೆ ಬಿಸಿನೀರು, ಆಮೇಲೆ ಸೋಪು. ಆದರೂ ಅವಳು ನನ್ನ ತಲೆ ಬಾಚಿದ ದಿನ ಕೂದಲಿಗೆ ಎಣ್ಣೆ ಹಚ್ಚುವ ಅಗತ್ಯ ಬೀಳುತ್ತಿರಲಿಲ್ಲ.

ಒಮ್ಮೆ ನಾನು ಚಿಕ್ಕವಳಿದ್ದಾಗ ಅವಳು ಹೇಳಿದ ಮಾತು ನೆನಪಿದೆ. "ಬೆಣ್ಣೆ ಅಂಗೈಲಿ ಇಟ್ಕೊಂಡ್ರೆ ಕರಗುತ್ತೆ, ಪುಟ್ಟಿ. ಇದು ಕರಗಲ್ಲ. ಗಂಟೆಗಟ್ಲೆ ಹಿಡ್ಕೊಂಡ್ರೂ ಹಂಗೇ ಇರುತ್ತೆ." ಅಚ್ಚರಿಯಿಂದ ಹೇಳಿದ್ದಳು. ಅದರಲ್ಲಿ ಅನುಮಾನವಿರಲಿಲ್ಲ.

ಕಾರ್ಖಾನೆಯವರು ಕೆಲಸಗಾರರಿಗೆ ವಾರಕ್ಕೊಂದು ಚೀಲ 'ಚೂರು' ಕೊಡುತ್ತಿದ್ದರು. ಸಾಗುವ ಪಟ್ಟಿಯ ಮೇಲೆ ಮುರಿದವು, ಅಂಚು ಸುಟ್ಟವು, ಅಚ್ಚು ಸರಿಯಾಗಿ ಬೀಳದವು. ಅದೊಂದು ದೊಡ್ಡ ಉಪಕಾರ ಎಂದೇ ಎಲ್ಲರೂ ತಿಳಿದಿದ್ದರು. ಅತ್ತೆಯ ಮನೆಯಲ್ಲಿ ಚೂರಿನ ಡಬ್ಬಿ ಬರಿದಾದದ್ದನ್ನು ನಾನು ನೋಡಿಲ್ಲ. ಅತಿ ಹೆಚ್ಚು ತಿನ್ನುತ್ತಿದ್ದವನು ಮಾವ.

ಮಾವ, ಅಂದರೆ ಅತ್ತೆಯ ಗಂಡ, ಬೀಗ ರಿಪೇರಿಯವನು. ಬಸ್ ನಿಲ್ದಾಣದ ಎದುರು, ಎರಡು ಅಂಗಡಿಗಳ ನಡುವೆ ಒಂದು ಕಪಾಟಿನಷ್ಟೇ ಅಗಲದ ಜಾಗ. ಅದರಲ್ಲಿ ಮಾವ, ಒಂದು ಇಕ್ಕಳ, ಅರಗಳು, ಗೋಡೆ ತುಂಬ ಹಲ್ಲು ಕೊರೆಯದ ಬೋಳು ಕೀಲಿಗಳು. ಮಧ್ಯಾಹ್ನ ಊಟಕ್ಕೆ ಎದ್ದುಹೋದರೆ ಗಿರಾಕಿ ತಪ್ಪುತ್ತದೆಂದು ಚಹಾ ತರಿಸಿ ಚೂರು ಅದ್ದಿ ತಿನ್ನುತ್ತಿದ್ದ. ಹಳೆಯ ಸಿಗರೇಟು ಚಟವನ್ನು ಬಿಟ್ಟದ್ದೂ ಚೂರಿನಿಂದಲೇ. ಬಾಯಿ ಚಡಪಡಿಸಿದಾಗೆಲ್ಲ ಒಂದು ತುಂಡು. "ನನ್ ಹೆಂಡ್ತಿ ಕತ್ತರಿಸಿ ಕಳಿಸ್ತಾಳೆ, ನಾನು ಕರಗಿಸ್ತೀನಿ" ಎಂದು ಪಕ್ಕದ ಅಂಗಡಿಯವರಿಗೆ ಹೇಳುತ್ತಿದ್ದ.

ಒಂದು ಬೆಳಗ್ಗೆ ಹನ್ನೊಂದರ ಹೊತ್ತಿಗೆ ಅವನ ಕೈಯಿಂದ ಅರ ಜಾರಿ ಬಿತ್ತು. ಬಗ್ಗಿ ಎತ್ತಿಕೊಳ್ಳಲಾಗಲಿಲ್ಲ. ಗ್ಯಾಸು ಎಂದುಕೊಂಡು ಸೋಡಾ ಕುಡಿದ. ಎಡಭುಜ ಹಿಡಿದುಕೊಂಡಿತು, ಅರ ಹಿಡಿದೂ ಹಿಡಿದೂ ಆಗಿದ್ದು ಎಂದುಕೊಂಡ. ಬೆವರು ಕಿತ್ತುಕೊಂಡು ಬಂದಾಗ ಕೀಲಿ ಮಾಡಿಸಲು ಬಂದಿದ್ದ ಒಬ್ಬ ಹೆಂಗಸು, ಅವಳಿಗೆ ಪುಣ್ಯ ಬರಲಿ, ಅವನನ್ನು ಆಟೋಕ್ಕೆ ತಳ್ಳಿ ಆಸ್ಪತ್ರೆಗೆ ಕರೆದೊಯ್ದಳು. ಹೃದಯದ ಒಂದು ರಕ್ತನಾಳ ಪೂರ್ತಿ ಕಟ್ಟಿತ್ತು. ತೊಡೆಯಿಂದ ತಂತಿ ತೂರಿಸಿ, ನಾಳದೊಳಗೆ ಸಣ್ಣ ಬಲೆಯ ಸ್ಟೆಂಟ್ ಕೂರಿಸಿದರು. ಎಚ್ಚರವಾದ ಮೇಲೆ ಮಾವ ಆಡಿದ ಮೊದಲ ಮಾತು: "ಊರೋರ ಬೀಗ ಎಲ್ಲ ತೆಗ್ದೆ. ನನ್ ಎದೆ ಬೀಗ ತೆಗೆಯೋಕೆ ಇನ್ನೊಬ್ರು ಬರ್ಬೇಕಾಯ್ತು ನೋಡು."

ಅತ್ತೆ ನಗಲಿಲ್ಲ. ಅವನ ಕಾಲಿನ ಹೆಬ್ಬೆರಳನ್ನು ಹಿಡಿದುಕೊಂಡು ಮಂಚದ ತುದಿಯಲ್ಲಿ ನಿಂತೇ ಇದ್ದಳು.

ಬಿಡುಗಡೆಯ ದಿನ ಡಾಕ್ಟರಮ್ಮನಿಗೆ ಪುರುಸೊತ್ತಿರಲಿಲ್ಲ. ಹೊರಗೆ ಅರವತ್ತು ಜನ ಕಾಯುತ್ತಿದ್ದರು. ಮಾತ್ರೆಗಳನ್ನು ವಿವರಿಸಿ, ಎದ್ದು ನಿಂತೇ ಹೇಳಿದರು, "ಜಿಡ್ಡು ಪೂರ್ತಿ ಬಂದ್. ಕರಿದಿದ್ದು, ಕೊಬ್ಬಿರೋದು ಬೇಡ." ಆ ಒಂದು ಪದವನ್ನು ಮನೆಗೆ ಹೊತ್ತುಕೊಂಡು ಹೋದವಳು ಅಜ್ಜಿ, ಮಾವನ ತಾಯಿ. ಎಂಬತ್ತರ ಹತ್ತಿರದ, ಕಡ್ಡಿಯಂಥ ಹೆಂಗಸು. ಜಿಡ್ಡು ಎಂದರೇನು ಎಂದು ಯಾರನ್ನೂ ಕೇಳುವ ಅಗತ್ಯ ಅವಳಿಗಿರಲಿಲ್ಲ. ಹಳೆಯ ವೃತ್ತಪತ್ರಿಕೆಯನ್ನು ಚೌಕ ಚೌಕವಾಗಿ ಹರಿದಿಟ್ಟುಕೊಂಡಳು. ಮಗನ ಬಾಯಿಗೆ ಹೋಗಬೇಕಾದ ಪ್ರತಿಯೊಂದೂ ಮೊದಲು ಕಾಗದದ ಮೇಲೆ ಕೂರಬೇಕು. ಗಡಿಯಾರ ನೋಡಿ ಹತ್ತು ನಿಮಿಷ. ಆಮೇಲೆ ಕಾಗದವನ್ನು ಕಿಟಕಿಗೆ ಹಿಡಿದು ನೋಡುವುದು. ಬೆಳಕು ತೂರಿ ಬಂದರೆ ಆ ಪದಾರ್ಥ ಫೇಲು.

ಕಡಲೆಕಾಯಿ ಜಜ್ಜಿ ಇಟ್ಟಳು, ಫೇಲು. ಬೇಯಿಸಿದ ಮೊಟ್ಟೆ, ಫೇಲು. ಮೀನು ಕಾಗದವನ್ನೇ ತಿಂದುಬಿಟ್ಟಿತು, ಫೇಲು. ತುಪ್ಪದ ಮಾತು ಎತ್ತುವ ಹಾಗೇ ಇರಲಿಲ್ಲ. ಅನ್ನ, ಬೇಯಿಸಿದ ತರಕಾರಿಯ ಒದ್ದೆ ಆರಿದ ಮೇಲೆ ಕಲೆ ಉಳಿಯಲಿಲ್ಲ, ಪಾಸಾದವು. ಬಿಸ್ಕತ್ತು ಇಟ್ಟಳು. ಹತ್ತು ನಿಮಿಷ, ಅರ್ಧ ಗಂಟೆ. ಕಾಗದ ಒಣಗಿದ್ದು ಒಣಗಿದ ಹಾಗೇ ಇತ್ತು. ಅಕ್ಷರಗಳು ಸ್ವಲ್ಪವೂ ಹೊಳೆಯಲಿಲ್ಲ.

"ನೋಡಿದ್ಯಾ?" ಎಂದಳು ಅಜ್ಜಿ, ಗೆದ್ದವಳ ಹಾಗೆ. "ಒಣಾ ಪದಾರ್ಥ. ಒಂದ್ ಹನಿ ಜಿಡ್ಡಿಲ್ಲ. ಇದನ್ನ ತಿನ್ನಲಿ ನನ್ ಮಗ."

ಅದೇ ವರ್ಷ ಕಾರ್ಖಾನೆ ಹೊಸ ಬಿಸ್ಕತ್ತು ತಂದಿತ್ತು. ತಿಳಿಹಸಿರು ಪೊಟ್ಟಣ, ಮೇಲೆ ಕೆಂಪು ಹೃದಯದ ಚಿತ್ರ, ಅದರ ಕೆಳಗೆ ದಪ್ಪಕ್ಷರದಲ್ಲಿ 'ಕೊಲೆಸ್ಟ್ರಾಲ್ ಇಲ್ಲ'. ಅತ್ತೆ ಚೂರಿನ ಚೀಲ ಬೇಡವೆಂದು, ಆ ಪೊಟ್ಟಣವನ್ನೇ ಕೇಳಿ ತರತೊಡಗಿದಳು. ಬೆಳಗ್ಗೆ ನಾಲ್ಕು, ಸಂಜೆ ನಾಲ್ಕು. ಹಸಿವಾದರೆ ಇನ್ನೆರಡು. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡರು ಎಂದು ಗಾದೆ ಇದೆ. ಇವರು ಎಣ್ಣೆಯನ್ನು ಹುಡುಕುತ್ತಾ ಕಣ್ಣು ಬಿಟ್ಟುಕೊಂಡೇ ಕೂತಿದ್ದರು, ಅದು ಒಣ ವೇಷ ಹಾಕಿಕೊಂಡು ಎದುರಿಗೇ ನಡೆದುಬಂತು.

ಮೂರು ತಿಂಗಳ ಮೇಲೆ ರಕ್ತಪರೀಕ್ಷೆ. ಅಂದು ನಾನೂ ಜೊತೆಗೆ ಹೋಗಿದ್ದೆ. ಅಷ್ಟೆಲ್ಲ ಮಾತ್ರೆ ನುಂಗಿದರೂ ಕೆಟ್ಟ ಕೊಲೆಸ್ಟ್ರಾಲು ಇಳಿಯಬೇಕಾದಷ್ಟು ಇಳಿದಿರಲಿಲ್ಲ. ಒಳ್ಳೆಯದು ಮೊದಲಿಗಿಂತ ಕೆಳಗೆ ಹೋಗಿತ್ತು. ಈ ಸಲ ಡಾಕ್ಟರಮ್ಮ ಕೂತರು.

"ಏನೇನು ತಿಂತಾರೆ, ಹೇಳಿ."

ಅಜ್ಜಿ ಪರೀಕ್ಷೆಯ ವರದಿ ಒಪ್ಪಿಸಿದಳು. ಕಾಗದ, ಕಿಟಕಿ, ಹತ್ತು ನಿಮಿಷ. ಡಾಕ್ಟರಮ್ಮನ ಮುಖದಲ್ಲಿ ನಗು ಬಂದು ಅಲ್ಲೇ ನಿಂತಿತು. "ಆ ಬಿಸ್ಕತ್ತು ಇದೆಯಾ?" ಎಂದರು. ಮಾವನ ಜೇಬಿನಲ್ಲೇ ಇತ್ತು. ಅವರು ಹೃದಯದ ಚಿತ್ರವನ್ನು ನೋಡಲಿಲ್ಲ. ಪೊಟ್ಟಣವನ್ನು ಮಗುಚಿ, ಅಂಟಿಸಿದ ಮಡಿಕೆಯನ್ನು ಉಗುರಿನಿಂದ ಬಿಡಿಸಿ, ಮಡಿಕೆಯ ಒಳಗಿದ್ದ ಇರುವೆಸಾಲಿನಂಥ ಅಕ್ಷರಗಳನ್ನು ನನಗೆ ತೋರಿಸಿದರು. ನಾನು ಓದಿದೆ: "ಹಿಟ್ಟು, ಸಕ್ಕರೆ, ಗಟ್ಟಿಗೊಳಿಸಿದ ಸಸ್ಯಜನ್ಯ ಕೊಬ್ಬು..."

"ನಿಮ್ಮ ಕಾಗದದ ಪರೀಕ್ಷೆ ತಪ್ಪಲ್ಲ ಅಜ್ಜಿ, ಆದ್ರೆ ಇದು ಅದಕ್ಕೆ ಸಿಕ್ಕಿಬೀಳಲ್ಲ" ಎಂದರು ಡಾಕ್ಟರಮ್ಮ. "ಬಿಸ್ಕತ್ತಿಂದ ಎಣ್ಣೆ ಜಿನುಗಬಾರ್ದು, ತಿಂಗಳುಗಟ್ಲೆ ಕೆಡಬಾರ್ದು ಅಂತಾನೇ ಅದನ್ನ ಗಟ್ಟಿ ಮಾಡೋದು. ಗಟ್ಟಿ ಮಾಡೋವಾಗ ಅದರ ಗುಣಾನೇ ಬದಲಾಗಿ ಹೋಗುತ್ತೆ. ಇಂಥ ಕೊಬ್ಬು ರಕ್ತದಲ್ಲಿ ಕೆಟ್ಟದ್ದನ್ನ ಏರಿಸುತ್ತೆ, ಒಳ್ಳೇದನ್ನ ಇಳಿಸುತ್ತೆ. ಎರಡೂ ಕೆಲಸ ಒಟ್ಟಿಗೆ. ನೀವು ಬೇಡ ಅಂದ್ರಲ್ಲ, ಆ ಕಡಲೆಕಾಯಿ, ಆ ಮೀನು, ಅದ್ರಲ್ಲಿರೋದು ಬೇರೆ ಜಾತಿ ಕೊಬ್ಬು. ಹಿತಮಿತವಾಗಿ ತಿಂದ್ರೆ ಎದೆಗೆ ಒಳ್ಳೇದೇ. ನಾನು ಅವತ್ತು ಕೂತು ಹೇಳಬೇಕಿತ್ತು."

ಕೊನೆಯ ಮಾತನ್ನು ಅವರು ತಗ್ಗಿದ ದನಿಯಲ್ಲಿ ಹೇಳಿದರು. ಅವರ ಮೇಲಿನ ಸಿಟ್ಟು ನನಗೆ ಅಲ್ಲಿಗೇ ಹೋಯಿತು.

ಅಜ್ಜಿ ಬಿಡಲಿಲ್ಲ. "ಮತ್ತೆ ಕೊಲೆಸ್ಟ್ರಾಲ್ ಇಲ್ಲ ಅಂತ ಬರೆದವ್ರೆ? ಸುಳ್ಳಾ?"

"ಸುಳ್ಳಲ್ಲ. ಕೊಲೆಸ್ಟ್ರಾಲು ಪ್ರಾಣಿಯ ಪದಾರ್ಥದಲ್ಲಿರುತ್ತೆ, ಗಿಡದ ಎಣ್ಣೇಲಿ ಇರಲ್ಲ. ಇದನ್ನ ತಿಂದ ಮೇಲೆ ನಿಮ್ಮ ಮಗನ ಮೈಯೇ ಅದನ್ನ ಜಾಸ್ತಿ ಮಾಡ್ಕೊಳ್ಳುತ್ತೆ. ಅದನ್ನ ಪೊಟ್ಟಣದ ಮೇಲೆ ಯಾರೂ ಬರೆಯಲ್ಲ."

ಅಷ್ಟು ಹೊತ್ತು ಬಾಗಿಲ ಬಳಿ ನಿಂತಿದ್ದ ಅತ್ತೆ ಆಗ ಬಾಯಿಬಿಟ್ಟಳು. "ಅದನ್ನ ನಾನೇ ಕತ್ತರಿಸೋದು, ಡಾಕ್ಟ್ರೆ."

ಅತ್ತೆ ತನ್ನ ಅಂಗೈಗಳನ್ನು ನೋಡಿಕೊಂಡಳು. "ವಾರಕ್ಕೊಂದ್ಸಲ ತೊಳೆಯೋ ಕಡೆ ಮೋರಿ ಕಟ್ಟುತ್ತೆ. ಸಲಿಕೇಲಿ ಕೆರೀತೀವಿ, ಬೆಳ್ಳಗೆ ಪದರ ಪದರ ಬರುತ್ತೆ. ಇವ್ರ ಎದೆ ಒಳಗೂ ಹಂಗೇನಾ?"

"ಅಷ್ಟು ಸರಳ ಅಲ್ಲಮ್ಮ" ಎಂದರು ಡಾಕ್ಟರಮ್ಮ. "ಸಿಗರೇಟು ಸೇದಿದ್ದಾರೆ, ದಿನವೆಲ್ಲ ಕೂತಿರ್ತಾರೆ, ವಂಶದಲ್ಲೂ ಇರಬಹುದು. ಒಂದೇ ಕಾರಣ ಅಂತ ನಾನು ಹೇಳಲ್ಲ. ಆದ್ರೆ ಇದು ಬೇಡ. ಇದೊಂದು ಬೇಡವೇ ಬೇಡ."

ಮನೆಗೆ ಬಂದು ಅಜ್ಜಿ ಹರಿದಿಟ್ಟ ಕಾಗದದ ಚೌಕಗಳನ್ನು ಒಲೆಗೆ ಹಾಕಿದಳು. ಮಗನಿಗೆ ತನ್ನ ಕೈಯಾರೆ ವಿಷ ಇಟ್ಟೆ ಎಂದು ಅಳುತ್ತಿದ್ದವಳನ್ನು ಅತ್ತೆ ಗದರಿದಳು. "ನೀವ್ಯಾಕೆ ಅಳ್ತೀರಿ? ಓದೋಕೆ ಬರದೋರು ಕಾಗದ ಇಟ್ಟು ನೋಡಿದ್ರಿ. ಓದೋಕೆ ಬರೋರು ಮಡಿಕೆ ಒಳಗೆ ಬಚ್ಚಿಟ್ರು. ಅಳಬೇಕಾದೋರು ಅವ್ರು."

ಅವಳ ಬಾಯಿಂದ ಒಟ್ಟಿಗೆ ಅಷ್ಟು ಮಾತು ಬಂದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಇದಾಗಿ ಹದಿನೈದು ದಿನವೂ ಆಗಿರಲಿಲ್ಲ, ಕಾರ್ಖಾನೆಯ ಸೂಪರ್‌ವೈಸರ್ ಅವಳನ್ನು ತನ್ನ ಗಾಜಿನ ಕೋಣೆಗೆ ಕರೆದ. ಹೆಂಗಸರು ಅವನಿಗೆ ಸ್ಟಾಪ್‌ವಾಚ್ ಎಂದು ಹೆಸರಿಟ್ಟಿದ್ದರು. ಯಾರು ಬಚ್ಚಲಿಗೆ ಹೋಗಿ ಎಷ್ಟು ನಿಮಿಷವಾಯಿತೆಂಬುದು ಅವನ ನಾಲಿಗೆ ತುದಿಯಲ್ಲಿರುತ್ತಿತ್ತು. ಅಂದು ಅವನ ಬಾಯಲ್ಲಿ ಬೆಣ್ಣೆ. ಕೂತ್ಕೋ ಎಂದ. ಹದಿನಾಲ್ಕು ವರ್ಷದಲ್ಲಿ ಆ ಕೋಣೆಯ ಕುರ್ಚಿಯನ್ನು ಅತ್ತೆ ಒರೆಸಿದ್ದಳೇ ಹೊರತು ಕೂತಿರಲಿಲ್ಲ.

"ನಿನ್ ಗಂಡಂಗೆ ಹಾರ್ಟ್ ಅಟ್ಯಾಕ್ ಆಗಿ ಬದುಕಿದ್ರಂತೆ? ನಮ್ಮ ಹೃದಯದ ಬಿಸ್ಕತ್ತನ್ನೇ ತಿಂತಾರಂತೆ?"

"ತಿಂತಿದ್ರು, ಸಾರ್."

ಅವನಿಗೆ 'ತಿಂತಿದ್ರು' ಎಂಬುದರ ಕೊನೆ ಕೇಳಿಸಲಿಲ್ಲ. ದೊಡ್ಡ ಊರಿಂದ ಜಾಹೀರಾತಿನವರು ಬರುತ್ತಾರೆ, ನಿಜವಾದ ಕೆಲಸಗಾರ್ತಿ ಬೇಕಂತೆ, ನಿಜವಾದ ಹೆಂಡತಿ ಬೇಕಂತೆ. ಅವಳ ಮುಖ ಪೋಸ್ಟರಿನ ಮೇಲೆ, ಪೊಟ್ಟಣದ ಮೇಲೆ. ಹೇಳಬೇಕಾದ್ದು ಒಂದೇ ಸಾಲು: 'ನನ್ನವರ ಹೃದಯವನ್ನು ನಾನು ಇದಕ್ಕೇ ಒಪ್ಪಿಸಿದ್ದೇನೆ.' ಆಮೇಲೆ ತಂತಿ ಎಳೆಯುವ ಕೆಲಸ ಬೇಡ, ಕಚೇರಿಯಲ್ಲಿ ಕೂತು ಮಾಡುವ ಕೆಲಸ.

ಅತ್ತೆ ಕೇಳಿದಳು, "ಸಾರ್, ಆ ಬಿಸ್ಕತ್ತಿಗೂ ಚೂರಿನ ಬಿಸ್ಕತ್ತಿಗೂ ಒಂದೇ ಗಡ್ಡೆ ಹೋಗುತ್ತಲ್ವಾ? ನಾನೇ ಕಿಂಡೀಲಿ ಕೊಡೋದು. ಹಸಿರು ಪೊಟ್ಟಣಕ್ಕೆ ಅಂತ ಬೇರೆ ಗಡ್ಡೆ ಬಂದಿಲ್ವಲ್ಲ?"

"ಅದು ನಿಂಗ್ಯಾಕೆ? ಕೊಲೆಸ್ಟ್ರಾಲ್ ಇಲ್ಲ ಅಂತ ಬರೆದಿದೆ. ಇಲ್ಲ ತಾನೆ? ಅದ್ರಲ್ಲಿ ಸುಳ್ಳೇನಿದೆ?"

"ಕಲ್ಲಲ್ಲೂ ಇಲ್ಲ ಸಾರ್ ಕೊಲೆಸ್ಟ್ರಾಲು."

ಅವನು ಅದನ್ನು ತಮಾಷೆ ಎಂದುಕೊಂಡು ನಕ್ಕನಂತೆ. ಗುರುವಾರ ಬೆಳಗ್ಗೆ ಹತ್ತಕ್ಕೆ, ಕೈ ಚೆನ್ನಾಗಿ ತೊಳ್ಕೊಂಡು ಬಾ ಎಂದನಂತೆ.

ಬೇಡ ಎನ್ನುವುದು ಸುಲಭವಿರಲಿಲ್ಲ. ಅತ್ತೆಗೆ ಇನ್ನೂ ನಾಲ್ಕು ವರ್ಷದ ಕೆಲಸವಿತ್ತು. ಮಾವನ ಮಾತ್ರೆ, ಪರೀಕ್ಷೆ, ಆ ಸ್ಟೆಂಟು, ಎಲ್ಲವೂ ಬಂದದ್ದು ಅವಳ ಕಾರ್ಖಾನೆಯ ವಿಮೆ ಕಾರ್ಡಿನ ಮೇಲೆ. ಕೆಲಸ ಹೋದರೆ ಕಾರ್ಡು ಹೋಯಿತು. ಕಾರ್ಡು ಹೋದರೆ ಬೆಳಗಿನ ಐದು ಮಾತ್ರೆ ಎಲ್ಲಿಂದ? ಆ ವಾರ ಅವರ ಮನೆಯಲ್ಲಿ ಎಲ್ಲರೂ ಪಾತ್ರೆಗಳನ್ನು ಸದ್ದಾಗದಂತೆ ಇಡುತ್ತಿದ್ದರು.

ಅಜ್ಜಿಗೆ ದಾರಿ ಸ್ಪಷ್ಟವಿತ್ತು. "ಒಂದು ಫೋಟೋ ತಾನೆ? ನಿಂತ್ಕೊಂಡು ಬಾ. ನಿನ್ ಮುಖ ನೋಡಿ ಯಾರ್ ಬಿಸ್ಕತ್ತು ತಿಂತಾರೆ? ನಂಗೆ ನನ್ ಮಗ ಬೇಕು."

"ಅತ್ತೆಮ್ಮಾ, ಹಸಿರು ಪೊಟ್ಟಣ ನೋಡಿ ನೀವು ತಿನ್ನಿಸಲಿಲ್ವಾ?"

ಅಜ್ಜಿ ಎದ್ದು ಅಡುಗೆಮನೆಗೆ ಹೋದಳು.

ಮಾವ ಕಿಟಕಿಯ ಬಳಿ ಕೂತು ಒಂದು ಹಳೆಯ ಬೀಗವನ್ನು ಬಿಚ್ಚುತ್ತಿದ್ದ. ತಲೆ ಎತ್ತದೆ ಹೇಳಿದ, "ನಿಂಗಿಷ್ಟ ಬಂದಂಗೆ ಮಾಡು ಅಂತ ನಾನು ಹೇಳಲ್ಲ ಕಣೇ. ಹಂಗಂದ್ರೆ ಭಾರ ಎಲ್ಲ ನಿನ್ ತಲೆ ಮೇಲೆ ಹಾಕಿ ನಾನು ದೊಡ್ಡ ಮನುಷ್ಯ ಆದಂಗೆ. ನಾನೇ ಹೇಳ್ತೀನಿ, ಬೇಡ. ಎದೆ ನಂದು. ಅದನ್ನ ಅವ್ರ ಡಬ್ಬಿ ಮೇಲೆ ಅಂಟಿಸೋಕೆ ನಾನು ಕೊಡಲ್ಲ. ಮಾತ್ರೆಗೆ ಏನೋ ದಾರಿ ಆಗುತ್ತೆ."

"ಏನ್ ದಾರಿ?"

"ಗೊತ್ತಿಲ್ಲ" ಎಂದ ಮಾವ. ಅವನು ತಮಾಷೆ ಮಾಡದೆ ಮಾತಾಡಿದ್ದು ಅಪರೂಪ. ಆ ಬೀಗ ಅಂದು ತೆರೆಯಲೇ ಇಲ್ಲ.

ಗುರುವಾರ ನಡೆದದ್ದನ್ನು ನನಗೆ ಹೇಳಿದವರು ಪ್ಯಾಕಿಂಗಿನ ಮೂವರು ಹೆಂಗಸರು, ಬೇರೆ ಬೇರೆ ದಿನ. ಮೂವರ ಮಾತೂ ತಾಳೆಯಾಗುತ್ತದೆ.

ಪ್ಯಾಕಿಂಗ್ ಹಾಲಿನ ಮೂಲೆಯಲ್ಲಿ ಒಂದು ಅಡುಗೆಮನೆ ಕಟ್ಟಿದ್ದರು. ಗೋಡೆ ರಟ್ಟಿನದು. ನಲ್ಲಿ ಇತ್ತು, ನೀರಿರಲಿಲ್ಲ. ಕಿಟಕಿ ಇತ್ತು, ಅದರಾಚೆ ಬಣ್ಣದ ಕಾಗದದ ಆಕಾಶ. ಪಕ್ಕದಲ್ಲಿ ಮಣ್ಣಿನ ಕುಂಡದಲ್ಲಿ ಪ್ಲಾಸ್ಟಿಕ್ ಗಿಡ. ಅತ್ತೆಗೆ ಯಾರದೋ ಹೊಸ ಬಟ್ಟೆ ಉಡಿಸಿ, ಮುಖಕ್ಕೆ ಪೌಡರು ಬಳಿದು, ಕೈಗೆ ಹಸಿರು ಪೊಟ್ಟಣ ಕೊಟ್ಟರು. ಯಂತ್ರ ನಿಲ್ಲಿಸಿದ್ದರಿಂದ ಹೆಂಗಸರೆಲ್ಲ ಸುತ್ತ ನಿಂತಿದ್ದರು. ಜಾಹೀರಾತಿನವನು ಅವಳ ಕೈ ನೋಡಿ ಬೆರಗಾದ. "ವಾ! ಎಂಥಾ ಕೈ! ಕೈ ಕಾಣಲಿ, ಪೊಟ್ಟಣ ಎದೆ ಹತ್ತಿರ ಹಿಡೀರಿ. ಈಗ ಹೇಳಿಯಮ್ಮ, ನನ್ನವರ ಹೃದಯವನ್ನು..."

ಅತ್ತೆ ಪೊಟ್ಟಣವನ್ನು ಮಗುಚಿದಳು. ಉಗುರಿನಿಂದ ಮಡಿಕೆ ಬಿಡಿಸಿದಳು.

"ಅಮ್ಮಾ, ಈ ಕಡೆ ಅಲ್ಲ, ಚಿತ್ರ ಮುಂದೆ ಬರಲಿ."

"ಬರೆದಿರೋದು ಈ ಕಡೆ, ಸಾರ್. ಫೋಟೋ ಈ ಕಡೇದು ತೆಗೀರಿ. ಅಕ್ಷರ ಸ್ವಲ್ಪ ದೊಡ್ಡದಾಗಿ ಬರಲಿ, ಕಣ್ಣು ಮಂಜಾದೋರೂ ಓದ್ಬೇಕು."

ಯಾರೋ ಕಿಸಕ್ಕನೆ ನಕ್ಕರು. ಸ್ಟಾಪ್‌ವಾಚ್ ಹತ್ತಿರ ಬಂದ, ಹಲ್ಲು ಕಚ್ಚಿಕೊಂಡು, "ತಮಾಷೆ ಸಾಕು. ಸಾಲು ಹೇಳು" ಎಂದ.

"ನನ್ನವ್ರ ಹೃದಯನ ಇದಕ್ಕೇ ಒಪ್ಪಿಸಿದ್ದೆ. ಈಗ ಒಳಗೆ ತಂತಿ ಬಲೆ ಇದೆ. ಅದನ್ನ ಬೇಕಾದ್ರೆ ಹೇಳ್ತೀನಿ. ನೀವು ಬರೆದಂಗೆ ಹೇಳೋಕೆ ಬಾಯಿ ಬರಲ್ಲ."

ದೊಡ್ಡ ಊರಿನವರ ಮುಂದೆ ಅವನ ಮುಖ ಕೆಂಪಾಯಿತು. ಗಂಟಲು ಎತ್ತರಿಸಿದ. "ಇಷ್ಟು ವರ್ಷ ಅನ್ನ ಕೊಟ್ಟ ಜಾಗ ಇದು! ಎಷ್ಟು ಕೊಬ್ಬು ನಿಂಗೆ? ಆಂ? ಎಷ್ಟು ಕೊಬ್ಬು?"

ಅದು ಉತ್ತರ ಬಯಸುವ ಪ್ರಶ್ನೆಯಲ್ಲ. ಹುಟ್ಟಿದಾಗಿನಿಂದ ಹೆಣ್ಣುಮಕ್ಕಳು ಅದನ್ನು ಕೇಳಿ ತಲೆತಗ್ಗಿಸುತ್ತಾರೆ. ಅಪ್ಪ ಕೇಳುತ್ತಾನೆ, ಮೇಷ್ಟ್ರು ಕೇಳುತ್ತಾರೆ, ಗಂಡ ಕೇಳುತ್ತಾನೆ, ಬಸ್ಸಿನ ಕಂಡಕ್ಟರೂ ಕೇಳುತ್ತಾನೆ. ಅತ್ತೆ ತಲೆತಗ್ಗಿಸಲಿಲ್ಲ. ತಕ್ಕಡಿಯ ಮುಳ್ಳನ್ನು ನೋಡಿ ಹೇಳುವವಳ ಹಾಗೆ, ಏರದ ಇಳಿಯದ ದನಿಯಲ್ಲಿ ಉತ್ತರ ಕೊಟ್ಟಳು.

"ಬ್ಯಾಚಿಗೆ ನಲವತ್ತು ಕಿಲೋ, ಸಾರ್. ದಿನಕ್ಕೆ ಹನ್ನೊಂದು ಬ್ಯಾಚು. ನಾನೂರ ನಲವತ್ತು. ಹಸಿರು ಪೊಟ್ಟಣಕ್ಕೂ ಅದೇ, ಹಳೇ ಕೆಂಪು ಪೊಟ್ಟಣಕ್ಕೂ ಅದೇ. ತೂಕದಲ್ಲಿ ನಾನು ಯಾವತ್ತೂ ತಪ್ಪಿಲ್ಲ."

ಪೊಟ್ಟಣವನ್ನು ನೀರಿಲ್ಲದ ನಲ್ಲಿಯ ಕೆಳಗೆ ಇಟ್ಟು, ಆ ಹೊಸ ಬಟ್ಟೆಯಲ್ಲೇ ಕೊಬ್ಬಿನ ಕೋಣೆಗೆ ಹೋಗಿ ತಂತಿ ಹಿಡಿದಳು. ಹನ್ನೆರಡಕ್ಕೆ ಮುಂದಿನ ಬ್ಯಾಚು ಹೋಗಬೇಕಿತ್ತು.

ಕೆಲಸದಿಂದ ತೆಗೆಯಲಿಲ್ಲ. ಅಷ್ಟು ಜನ ಕೇಳಿಸಿಕೊಂಡ ಮೇಲೆ ತೆಗೆದರೆ ಮಾತು ಗೇಟಿನಾಚೆ ಹೋಗುತ್ತದೆಂದು ಯಾರೋ ಬುದ್ಧಿವಂತರು ಯೋಚಿಸಿರಬೇಕು. ಹಿಂಬದಿಯ ತಗಡಿನ ಶೆಡ್ಡಿಗೆ, ರಟ್ಟಿನ ಪೆಟ್ಟಿಗೆ ಮಡಚುವ ಕೆಲಸಕ್ಕೆ ಹಾಕಿದರು. ಅಲ್ಲಿ ಬೇಸಿಗೆಯಲ್ಲಿ ತಗಡು ಕಾದು ಟಪಟಪ ಸದ್ದು ಮಾಡುತ್ತದೆ. ಕೂರಲು ಜಾಗವಿಲ್ಲ. ರಟ್ಟಿನ ಅಂಚು ಬೆರಳುಗಳನ್ನು ಕೊಯ್ಯುತ್ತದೆ. ಎರಡೇ ತಿಂಗಳಲ್ಲಿ ರಾಣಿಯ ಕೈ ಹೋಗಿ ದುಡಿಯುವ ಕೈ ಬಂತು. ಕಾರ್ಡು ಮಾತ್ರ ಉಳಿಯಿತು. ಐದು ಮಾತ್ರೆ ಉಳಿದವು. ಇದನ್ನು ಗೆಲುವು ಎಂದು ಕರೆಯಲು ನನಗೆ ನಾಲಿಗೆ ಹೊರಳುವುದಿಲ್ಲ. ನಿಜ ಹೇಳಿದ್ದಕ್ಕೆ ಶಿಕ್ಷೆ ಕಡಿಮೆಯಾಯಿತೆಂದು ಸಂತೋಷಪಡಬೇಕಾದ ಕಾಲ ಯಾವ ಸೀಮೆಯ ಒಳ್ಳೆಯ ಕಾಲ?

ಪೋಸ್ಟರು ಬಂದೇ ಬಂತು. ಬೇರೊಬ್ಬ ಹೆಂಗಸು, ಬೇರೊಬ್ಬ ಗಂಡ, ಅದೇ ರಟ್ಟಿನ ಅಡುಗೆಮನೆ, ಅದೇ ಸಾಲು. ಮಾವನ ಅಂಗಡಿಯ ಎದುರಿನ ಬಸ್ ನಿಲ್ದಾಣದಲ್ಲೇ ಅಂಟಿಸಿದ್ದಾರೆ. ಮಾವ ದಿನವೂ ಅದರ ಎದುರು ಕೂತು ಕಡಲೆಕಾಯಿ ಸುಲಿದು ತಿನ್ನುತ್ತಾನೆ, ಎಣಿಸಿ ಕೊಟ್ಟದ್ದನ್ನು ಮಾತ್ರ.

ಆದರೆ ಕಾರ್ಖಾನೆಯಲ್ಲಿ ಒಂದು ಸಣ್ಣ ಬದಲಾವಣೆ ಆಗಿದೆಯಂತೆ. ಸ್ಟಾಪ್‌ವಾಚ್ ಈಗ ಯಾರಿಗೂ 'ಎಷ್ಟು ಕೊಬ್ಬು ನಿಂಗೆ' ಎನ್ನುವ ಹಾಗಿಲ್ಲ. ಅಂದರೆ ಸಾಕು, ಸಾಲಿನ ಯಾವುದೋ ತುದಿಯಿಂದ ಯಾವುದೋ ಹೆಣ್ಣುದನಿ, "ನಲವತ್ತು ಕಿಲೋ, ಸಾರ್" ಎನ್ನುತ್ತದೆ. ಚೂರಿನ ಚೀಲಗಳು ಕೌಂಟರಿನಲ್ಲಿ ಉಳಿಯತೊಡಗಿವೆ.

ಕಳೆದ ತಿಂಗಳು ಮಾವನ ತಪಾಸಣೆಗೆ ಮತ್ತೆ ಆಸ್ಪತ್ರೆಗೆ ಹೋಗಿದ್ದೆವು. ಅಂಕಿಗಳು ಇಳಿದಿದ್ದವು, ಡಾಕ್ಟರಮ್ಮ ಕೂತೇ ಮಾತಾಡಿದರು. ಹೊರಗೆ ಹೃದ್ರೋಗ ವಿಭಾಗದ ಉದ್ದನೆಯ ಬೆಂಚಿನಲ್ಲಿ ರಕ್ತ ಕೊಟ್ಟು ಕಾಯುತ್ತಿದ್ದವರಿಗೆ ನರ್ಸೊಬ್ಬಳು ತಟ್ಟೆಯಲ್ಲಿ ಚಹಾ ಮತ್ತು ಎರಡೆರಡು ಬಿಸ್ಕತ್ತು ಕೊಡುತ್ತಾ ಬಂದಳು. ಒಳ್ಳೆಯ ಹುಡುಗಿ. ಮಾವನ ಮುಂದೆ ತಟ್ಟೆ ಹಿಡಿದಳು. ಅತ್ತೆ ಬಿಸ್ಕತ್ತನ್ನು ಎತ್ತಿ ವಾಪಸ್ಸು ಇಟ್ಟಳು.

"ತಗೊಳ್ಳಿ ಅಮ್ಮಾ, ಇದು ಹೃದಯದ್ದೇ. ಏನೂ ಆಗಲ್ಲ."

"ಗೊತ್ತು ತಾಯಿ" ಎಂದಳು ಅತ್ತೆ. "ಇದನ್ನ ಕತ್ತರಿಸ್ತಿದ್ದೋಳು ನಾನೇ. ಪೊಟ್ಟಣ ಇದ್ರೆ ತಗೊಂಡ್ ಬಾ, ಹಿಂದೆ ಮಡಿಕೆ ಒಳಗೆ ಏನೋ ಬರೆದವ್ರೆ. ಜೋರಾಗಿ ಓದು, ಇವ್ರೆಲ್ಲ ಕೇಳಿಸ್ಕೊಳ್ಳಲಿ."

ಬೆಂಚಿನಲ್ಲಿದ್ದವರು ಒಬ್ಬೊಬ್ಬರಾಗಿ ತಿರುಗಿ ನೋಡಿದರು. ಅವರಲ್ಲಿ ಕೆಲವರ ಬಾಯಲ್ಲಿ ಬಿಸ್ಕತ್ತು ಇನ್ನೂ ಇತ್ತು. ಹುಡುಗಿ ತಟ್ಟೆಯನ್ನು ಬೆಂಚಿನ ಮೇಲಿಟ್ಟು, ಪೊಟ್ಟಣ ತರಲು ಒಳಗೆ ಹೋದಳು.